ಅರ್ಜಿ ನಮೂನೆಯ ಒಳಗುಟ್ಟು: ಪರದೆಯ ಮೇಲೆ ತುಂಬಿದ ಮಾಹಿತಿ ಎಲ್ಲಿ ಉಳಿಯುತ್ತದೆ, ಏಕೆ ತಿರಸ್ಕೃತವಾಗುತ್ತದೆ?

ಅರಸೀಕೆರೆ: ಉಂಡೆ ಕೊಬ್ಬರಿಗೆ 2024ರ ಹಂಗಾಮಿಗಾಗಿ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 12,000 ರೂಪಾಯಿ ಕನಿಷ್ಠ ಬೆಂಬಲ ಬೆಲೆ ನಿಗದಿಪಡಿಸಿತ್ತು. ಮುಕ್ತ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿದ್ದ ಕಾಲವದು. ರಾಜ್ಯದಿಂದ ಖರೀದಿಸಬೇಕಾದ ಪ್ರಮಾಣ 62,500 ಟನ್ ಎಂದು ಗೊತ್ತುಪಡಿಸಲಾಗಿತ್ತು. ಫೆಬ್ರುವರಿಯಲ್ಲಿ ಆರಂಭವಾದ ರೈತರ ನೋಂದಣಿ ಕೆಲವೇ ದಿನಗಳಲ್ಲಿ ಭರ್ತಿಯಾಯಿತು. ಅಕ್ರಮದ ದೂರುಗಳು ಕೇಳಿಬಂದ ಮೇಲೆ ಆ ನೋಂದಣಿ ರದ್ದಾಗಿ, ಮಾರ್ಚ್‌ನಲ್ಲಿ ಹೊಸದಾಗಿ ನೋಂದಣಿ ನಡೆಯಿತು. ತೆಂಗನ್ನೇ ನಂಬಿರುವ ಅರಸೀಕೆರೆ ಸೀಮೆಯಲ್ಲಿ ಗಣಕಯಂತ್ರದ ಪರದೆಯ ಮೇಲಿನ ಒಂದು ಅರ್ಜಿ ನಮೂನೆಗೆ ಎಷ್ಟು ಬೆಲೆಯಿದೆ ಎಂಬುದು ಆ ಎರಡು ತಿಂಗಳುಗಳಲ್ಲಿ ಎಲ್ಲರಿಗೂ ತಿಳಿಯಿತು.

ಆ ನೋಂದಣಿಯಲ್ಲಿ ತಪ್ಪಿದ್ದು ಯಾರು ಎಂಬುದು ಈ ಬರಹದ ವಿಷಯವಲ್ಲ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪಿಂಚಣಿ, ಗೃಹಲಕ್ಷ್ಮಿ, ರೈಲು ಟಿಕೆಟ್, ಪರೀಕ್ಷಾ ಶುಲ್ಕ ಎಲ್ಲವೂ ಅಂತರ್ಜಾಲದ ಅರ್ಜಿ ನಮೂನೆಯ ಬಾಗಿಲಿನಿಂದಲೇ ಒಳಹೋಗಬೇಕಾದ ಕಾಲವಿದು. 2023ರ ಜೂನ್ 18ರಂದು ಸೇವಾಸಿಂಧು ಜಾಲತಾಣದಲ್ಲಿ ಗೃಹಜ್ಯೋತಿಯ ನೋಂದಣಿ ಆರಂಭವಾದಾಗ ಮೊದಲ ದಿನಗಳಲ್ಲಿ 'ಸರ್ವರ್ ಬ್ಯುಸಿ' ಎಂಬ ಮಾತು ಮನೆಮಾತಾಗಿತ್ತು. ಆದರೆ ಅರ್ಜಿದಾರರನ್ನು ಹೈರಾಣಾಗಿಸುವ ಸಂಗತಿಗಳಲ್ಲಿ ಸರ್ವರ್‌ನ ಸಾಮರ್ಥ್ಯದ ಪಾಲು ಸ್ವಲ್ಪವೇ. ಉಳಿದದ್ದು ನಮೂನೆಯನ್ನು ಹೆಣೆದ ರೀತಿಯದ್ದು. ತಂತ್ರಾಂಶ ತಯಾರಕರು ಅದನ್ನು ಎರಡು ಹೆಸರಿನಲ್ಲಿ ಕರೆಯುತ್ತಾರೆ: ಒಂದು 'ಸ್ಟೇಟ್', ಅಂದರೆ ನಮೂನೆಯ ಸದ್ಯದ ಸ್ಥಿತಿ, ಇನ್ನೊಂದು 'ವ್ಯಾಲಿಡೇಶನ್', ಅಂದರೆ ತುಂಬಿದ ಮಾಹಿತಿಯ ತಪಾಸಣೆ.

ಮೂರು ಕಡೆ ಮೂರು ನೆನಪು

ಕಾಗದದ ಅರ್ಜಿಗೆ ಸ್ಥಿತಿ ಒಂದೇ. ಬರೆದದ್ದು ಕಾಗದದ ಮೇಲಿರುತ್ತದೆ. ಅಂತರ್ಜಾಲದ ಅರ್ಜಿ ಹಾಗಲ್ಲ. ಅರ್ಜಿದಾರರು ಹೆಸರು ಬರೆದ ಕ್ಷಣದಲ್ಲಿ ಅದು ಬ್ರೌಸರ್‌ನ ಪೆಟ್ಟಿಗೆಯಲ್ಲಿ ಕಾಣುತ್ತದೆ. ಪುಟದ ಹಿಂದೆ ಓಡುತ್ತಿರುವ ಜಾವಾಸ್ಕ್ರಿಪ್ಟ್ ತಂತ್ರಾಂಶದ ನೆನಪಿನಲ್ಲಿ ಅದರ ಇನ್ನೊಂದು ಪ್ರತಿ ಇರಬಹುದು. ಸರ್ವರ್‌ನ ದತ್ತಸಂಚಯದಲ್ಲಿ ಮೂರನೆಯದು, ಅದೂ ಸಲ್ಲಿಸಿದ ನಂತರವಷ್ಟೆ. ಈ ಮೂರೂ ಒಂದನ್ನೇ ಹೇಳುತ್ತಿರುವವರೆಗೆ ತೊಂದರೆಯಿಲ್ಲ. ಒಂದಕ್ಕೊಂದು ತಾಳೆ ತಪ್ಪಿದಾಗ ಕಣ್ಣೆದುರಿಗೆ ಸರಿಯಾಗಿ ಕಾಣುತ್ತಿರುವ ಅರ್ಜಿ ತಪ್ಪಾಗಿ ಸಲ್ಲಿಕೆಯಾಗುತ್ತದೆ.

ಈ ಸಮಸ್ಯೆ ಹಳೆಯದು. 2002ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ಇದಕ್ಕೆ 'ವ್ಯೂಸ್ಟೇಟ್' ಎಂಬ ಉಪಾಯ ಮಾಡಿತ್ತು. ಪುಟದ ಸ್ಥಿತಿಯನ್ನೆಲ್ಲ ಗಂಟುಕಟ್ಟಿ, ಕಣ್ಣಿಗೆ ಕಾಣದ ಒಂದು ಪೆಟ್ಟಿಗೆಯಲ್ಲಿಟ್ಟು, ಪ್ರತಿ ಬಾರಿಯೂ ಸರ್ವರ್‌ಗೆ ಹೊತ್ತೊಯ್ದು ಹಿಂದಕ್ಕೆ ತರುವುದು ಅದರ ಕ್ರಮ. ಡಯಲ್-ಅಪ್ ಸಂಪರ್ಕದ ಕಾಲದಲ್ಲಿ ಆ ಗಂಟಿನ ಭಾರವೇ ಪುಟವನ್ನು ನಿಧಾನಗೊಳಿಸುತ್ತಿತ್ತು. 2010ರಲ್ಲಿ ಗೂಗಲ್‌ನಿಂದ ಬಂದ ಆಂಗ್ಯುಲರ್‌ಜೆಎಸ್, 2013ರಲ್ಲಿ ಫೇಸ್‌ಬುಕ್ ಮುಕ್ತಗೊಳಿಸಿದ ರಿಯಾಕ್ಟ್, 2014ರಲ್ಲಿ ಇವಾನ್ ಯೂ ಹೊರತಂದ ವ್ಯೂ ಈ ಭಾರವನ್ನು ಬ್ರೌಸರ್‌ಗೇ ವರ್ಗಾಯಿಸಿದವು. ರಿಯಾಕ್ಟ್‌ನಲ್ಲಿ ಪ್ರಚಲಿತವಾದ ಒಂದು ಪದ್ಧತಿಯಲ್ಲಿ ಪೆಟ್ಟಿಗೆಗೆ ಸ್ವಂತ ನೆನಪೇ ಇರುವುದಿಲ್ಲ. ಪ್ರತಿ ಅಕ್ಷರ ಒತ್ತಿದಾಗಲೂ ತಂತ್ರಾಂಶದ ನೆನಪು ಬದಲಾಗಿ, ಆ ನೆನಪಿನಲ್ಲಿರುವುದೇ ಪರದೆಯ ಮೇಲೆ ಮೂಡುತ್ತದೆ. ಎರಡು ಪ್ರತಿಗಳ ಗೊಂದಲ ಇಲ್ಲಿ ತಪ್ಪುತ್ತದೆ. ಆದರೆ ಐವತ್ತು ಅರವತ್ತು ಪೆಟ್ಟಿಗೆಗಳಿರುವ ಅರ್ಜಿಯಲ್ಲಿ ಪ್ರತಿ ಅಕ್ಷರಕ್ಕೂ ಪುಟವೆಲ್ಲ ಮರುಚಿತ್ರಣಗೊಂಡರೆ ಹಳೆಯ ಮೊಬೈಲ್ ಫೋನ್‌ಗಳು ಏದುಸಿರು ಬಿಡುತ್ತವೆ. ಆದ್ದರಿಂದ ರಿಯಾಕ್ಟ್ ಹುಕ್ ಫಾರ್ಮ್‌ನಂತಹ ಉಪಕರಣಗಳು ನೆನಪನ್ನು ಪೆಟ್ಟಿಗೆಗೇ ಬಿಟ್ಟು, ಬೇಕಾದಾಗ ಮಾತ್ರ ಕೇಳಿ ಪಡೆಯುತ್ತವೆ.

ಅರ್ಧ ತುಂಬಿದ ಅರ್ಜಿಯ ಗತಿ ಏನು ಎಂಬುದೂ ಇದೇ ಪ್ರಶ್ನೆಯ ಭಾಗ. ವಿದ್ಯುತ್ ಹೋದರೆ, 'ಸೆಷನ್ ಮುಗಿದಿದೆ' ಎಂಬ ಸಂದೇಶ ಬಂದರೆ, ಅದುವರೆಗೆ ತುಂಬಿದ್ದೆಲ್ಲ ಮಾಯ. ಕರಡನ್ನು ಬ್ರೌಸರ್‌ನ ಸ್ಥಳೀಯ ಸಂಗ್ರಹದಲ್ಲಿ ಉಳಿಸುವುದು ಸುಲಭದ ಪರಿಹಾರ ಎಂದು ಅನೇಕ ಪಾಠಗಳು ಹೇಳುತ್ತವೆ. ಸ್ವಂತ ಲ್ಯಾಪ್‌ಟಾಪ್ ಇರುವವರಿಗೆ ಅದು ಸರಿ. ಗ್ರಾಮ ಒನ್ ಕೇಂದ್ರದಲ್ಲೋ ಬಸ್ ನಿಲ್ದಾಣದ ಬಳಿಯ ಸೈಬರ್ ಸೆಂಟರ್‌ನಲ್ಲೋ ಒಂದೇ ಗಣಕಯಂತ್ರದ ಮುಂದೆ ದಿನಕ್ಕೆ ಹತ್ತಾರು ಜನ ಕೂರುವಲ್ಲಿ, ಒಬ್ಬರ ಆಧಾರ್ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆ ಮುಂದಿನವರ ಪರದೆಯಲ್ಲಿ ತಾನಾಗಿ ಮೂಡಿದರೆ? ಅಂತಹ ಕಡೆ ಕರಡು ಇರಬೇಕಾದದ್ದು ಸರ್ವರ್‌ನಲ್ಲಿ, ಅರ್ಜಿದಾರರ ಮೊಬೈಲ್‌ಗೆ ಬರುವ ಒಟಿಪಿಯ ಕಾವಲಿನಲ್ಲಿ.

ಎರಡು ತಾಲ್ಲೂಕು, ಎರಡು 'ಕಸಬಾ'

ಜಿಲ್ಲೆ ಆರಿಸಿದರೆ ತಾಲ್ಲೂಕು, ತಾಲ್ಲೂಕು ಆರಿಸಿದರೆ ಹೋಬಳಿ, ಹೋಬಳಿ ಆರಿಸಿದರೆ ಗ್ರಾಮ. ಪಹಣಿ ನೋಡುವವರಿಗೆಲ್ಲ ಪರಿಚಿತವಾದ ಈ ಸರಣಿ ನಮೂನೆಯ ಸ್ಥಿತಿ ಕೆಡುವ ಅತ್ಯಂತ ಸಾಮಾನ್ಯ ಜಾಗ. ಒಬ್ಬರು ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕನ್ನು ಆರಿಸಿ, ಜಾವಗಲ್ ಹೋಬಳಿಯನ್ನೂ ಅಲ್ಲಿನ ಒಂದು ಗ್ರಾಮವನ್ನೂ ಆರಿಸಿದರು ಎಂದುಕೊಳ್ಳೋಣ. ನಂತರ ಜಮೀನು ಇರುವುದು ಪಕ್ಕದ ಹಳೇಬೀಡು ಹೋಬಳಿಯಲ್ಲಿ ಎಂದು ನೆನಪಾಗಿ ತಾಲ್ಲೂಕನ್ನು ಬೇಲೂರಿಗೆ ಬದಲಿಸಿದರು. ಆಗ ಕೆಳಗಿನ ಹೋಬಳಿ ಮತ್ತು ಗ್ರಾಮದ ಆಯ್ಕೆಗಳು ತಾವಾಗಿ ಖಾಲಿಯಾಗಬೇಕು. ತಂತ್ರಾಂಶ ಬರೆದವರು ಅದನ್ನು ಮರೆತಿದ್ದರೆ ಪರದೆಯಲ್ಲಿ ಪಟ್ಟಿ ಬದಲಾದಂತೆ ಕಂಡರೂ, ಹಿಂದಿನ ನೆನಪಿನಲ್ಲಿ ಹಳೆಯ ಗ್ರಾಮವೇ ಉಳಿದಿರುತ್ತದೆ. ಬೇಲೂರು ತಾಲ್ಲೂಕಿನಲ್ಲಿ ಇಲ್ಲದ ಗ್ರಾಮದ ಅರ್ಜಿಯೊಂದು ಹೀಗೆ ಹುಟ್ಟುತ್ತದೆ. ಅದು ತಿರಸ್ಕೃತವಾದಾಗ ಅರ್ಜಿದಾರರಿಗೆ ಕಾರಣವೇ ಹೊಳೆಯದು.

ಇನ್ನೊಂದು ಸೂಕ್ಷ್ಮವಿದೆ. ಅರಸೀಕೆರೆಯಲ್ಲೂ ಕಸಬಾ ಹೋಬಳಿಯಿದೆ, ಬೇಲೂರಿನಲ್ಲೂ ಕಸಬಾ ಹೋಬಳಿಯಿದೆ. ರಾಜ್ಯದ ತಾಲ್ಲೂಕುಗಳಲ್ಲಿ ಈ ಹೆಸರು ಎಷ್ಟು ಬಾರಿ ಮರುಕಳಿಸುತ್ತದೆಂದು ಬೇರೆ ಹೇಳಬೇಕಿಲ್ಲ. ನಮೂನೆ ತನ್ನ ನೆನಪಿನಲ್ಲಿ 'ಕಸಬಾ' ಎಂಬ ಪದವನ್ನಷ್ಟೇ ಇಟ್ಟುಕೊಂಡಿದ್ದರೆ, ತಾಲ್ಲೂಕು ಬದಲಾದ ಮೇಲೂ ಅದು ಸರಿಯೆಂದೇ ಸಾಗುತ್ತದೆ. ಇಟ್ಟುಕೊಳ್ಳಬೇಕಾದದ್ದು ಸಂಕೇತ ಸಂಖ್ಯೆಯನ್ನು. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಕೋಶದಲ್ಲಿ ಪ್ರತಿ ಗ್ರಾಮಕ್ಕೂ ಅಂತಹ ಸಂಕೇತವಿದೆ. ಹೆಸರುಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ ಕೂಡ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ ನೆರೆಯ ಚಿಕ್ಕಮಗಳೂರೂ ಅವುಗಳಲ್ಲಿತ್ತು. ಹೆಸರಿನ ಮೇಲೆ ನಿಂತ ಪಟ್ಟಿಗಳಿಗೆ ಅದು ಕಷ್ಟ, ಸಂಕೇತದ ಮೇಲೆ ನಿಂತವಕ್ಕೆ ಏನೂ ಅಲ್ಲ.

ಯಾವಾಗ ಗದರಬೇಕು?

ತಪಾಸಣೆಯ ಮೊದಲ ಪ್ರಶ್ನೆ ಸಮಯದ್ದು. ಕೆಲವು ನಮೂನೆಗಳು ತೆರೆದ ಕೂಡಲೇ ಕೆಂಪಕ್ಷರದಿಂದ ತುಂಬಿರುತ್ತವೆ. ಅರ್ಜಿದಾರರು ಇನ್ನೂ ಒಂದಕ್ಷರ ಬರೆದಿಲ್ಲ, ಆಗಲೇ 'ಹೆಸರು ಕಡ್ಡಾಯ', 'ದೂರವಾಣಿ ಸಂಖ್ಯೆ ತಪ್ಪು' ಎಂಬ ಗದರಿಕೆ. ಇದನ್ನು ತಪ್ಪಿಸಲೆಂದೇ ಆಂಗ್ಯುಲರ್ ಪ್ರತಿ ಪೆಟ್ಟಿಗೆಯ ಬಗ್ಗೆ ಹಲವು ಸಂಗತಿಗಳನ್ನು ಬೇರೆಬೇರೆಯಾಗಿ ನೆನಪಿಡುತ್ತದೆ: ಅರ್ಜಿದಾರರು ಅದನ್ನು ಮುಟ್ಟಿ ಹೊರಬಂದಿದ್ದಾರೆಯೇ, ಅದರಲ್ಲಿದ್ದುದನ್ನು ಬದಲಿಸಿದ್ದಾರೆಯೇ, ಈಗ ಅದರಲ್ಲಿರುವುದು ನಿಯಮಕ್ಕೆ ಒಪ್ಪುತ್ತದೆಯೇ. ನಾಲ್ಕನೆಯದೂ ಒಂದಿದೆ: ಸರ್ವರ್‌ನಿಂದ ಉತ್ತರಕ್ಕಾಗಿ ಕಾಯುತ್ತಿರುವ ಸ್ಥಿತಿ. ಅನುಭವಸ್ಥರು ಅನುಸರಿಸುವ ಕ್ರಮ ಸರಳವಾದದ್ದು. ಪೆಟ್ಟಿಗೆಯಿಂದ ಹೊರಬಂದ ಮೇಲೆ ಮೊದಲ ಬಾರಿ ತಪ್ಪು ತೋರಿಸುವುದು, ಆಮೇಲೆ ತಿದ್ದುತ್ತಿರುವಾಗ ಸರಿಯಾದ ಕ್ಷಣವೇ ಆ ಸಂದೇಶವನ್ನು ತೆಗೆದುಬಿಡುವುದು.

ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೂ ಮುಖ್ಯ. ಲಿಪ್ಯಂತರ ಕೀಲಿಮಣೆಯಲ್ಲಿ ಅಕ್ಷರ ಒಂದೇ ಏಟಿಗೆ ಮೂಡುವುದಿಲ್ಲ. ವ್ಯಂಜನ ಬಂದು, ಸ್ವರ ಸೇರಿ, ಒತ್ತಕ್ಷರ ಕೂಡಿ ಪೂರ್ಣವಾಗುತ್ತದೆ. ನಡುವೆಯೇ ತಪಾಸಣೆ ನುಗ್ಗಿದರೆ ಅರೆಬೆಂದ ಅಕ್ಷರವನ್ನು ತಪ್ಪೆನ್ನುತ್ತದೆ, ಕೆಲವೊಮ್ಮೆ ಅಳಿಸಿಯೇ ಹಾಕುತ್ತದೆ. ಅಕ್ಷರ ಕೂಡಿಕೆ ಆರಂಭವಾಯಿತು, ಮುಗಿಯಿತು ಎಂದು ಬ್ರೌಸರ್ ಸೂಚನೆ ಕೊಡುತ್ತದೆ. ಇಂಗ್ಲಿಷ್ ಒಂದನ್ನೇ ಪರೀಕ್ಷಿಸಿ ನೋಡಿದ ತಂತ್ರಾಂಶಗಾರರು ಆ ಸೂಚನೆಯನ್ನು ಗಮನಿಸುವುದೇ ಇಲ್ಲ.

'ಹಳೇಬೀಡು' ಎಷ್ಟು ಅಕ್ಷರ?

ಓದಿದವರು ನಾಲ್ಕು ಎನ್ನುತ್ತಾರೆ. ಬ್ರೌಸರ್ ಏಳು ಎನ್ನುತ್ತದೆ. ನಾಲ್ಕು ವ್ಯಂಜನಗಳ ಜತೆಗೆ ಮೂರು ಸ್ವರಚಿಹ್ನೆಗಳನ್ನೂ ಯೂನಿಕೋಡ್ ಪ್ರತ್ಯೇಕವಾಗಿ ಎಣಿಸುವುದು ಇದಕ್ಕೆ ಕಾರಣ. ಯುಟಿಎಫ್-8 ಕ್ರಮದಲ್ಲಿ ಸಂಗ್ರಹಿಸಿದಾಗ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಅಲ್ಲಿಗೆ ಹಳೇಬೀಡು 21 ಬೈಟ್. ಊರಿನ ಹೆಸರಿಗೆ 20 ಬೈಟ್ ಸಾಕು ಎಂದು ಇಂಗ್ಲಿಷ್ ಲೆಕ್ಕದಲ್ಲಿ ಜಾಗ ಬಿಟ್ಟ ದತ್ತಸಂಚಯಕ್ಕೆ ಹೊಯ್ಸಳರ ರಾಜಧಾನಿ ಹಿಡಿಸುವುದಿಲ್ಲ! ಬ್ರೌಸರ್‌ನ ತಪಾಸಣೆ 'ಸರಿ' ಎಂದದ್ದನ್ನು ಸರ್ವರ್ ತಳ್ಳಿಹಾಕುವ ಪ್ರಸಂಗಗಳಲ್ಲಿ ಇಂತಹವು ಬಹಳ. ಇನ್ನು ಯೂನಿಕೋಡ್ ಅಲ್ಲದ ಅಂಕಣದಲ್ಲಿ ಸೇರಿದ ಕನ್ನಡ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಹೊರಬರುವುದನ್ನು ರಸೀದಿಗಳಲ್ಲಿ ಕಂಡವರು ಕಡಿಮೆಯೇನಲ್ಲ.

'ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಬೇಕು' ಎಂಬ ನಿಯಮ ಕೇಳಲು ನಿರುಪದ್ರವಿ. ಆದರೆ ಯೂನಿಕೋಡ್‌ನ ವರ್ಗೀಕರಣದಲ್ಲಿ 'ಅಕ್ಷರ' ಎಂದರೆ ಸ್ವರ ಮತ್ತು ವ್ಯಂಜನ ಮಾತ್ರ. ಕೊಂಬು, ಗುಣಿಸು, ಇಳಿ, ಸೊನ್ನೆಗಳು 'ಚಿಹ್ನೆ' ಎಂಬ ಬೇರೆ ವರ್ಗಕ್ಕೆ ಸೇರುತ್ತವೆ. ಅಕ್ಷರದ ವರ್ಗವನ್ನಷ್ಟೇ ಒಪ್ಪುವ ನಿಯಮದಡಿ 'ಕಮಲ' ಪಾಸಾಗುತ್ತದೆ, 'ಸುಶೀಲಾ' ನಪಾಸು. ಚಿಹ್ನೆಗಳನ್ನೂ ಸೇರಿಸಿಕೊಂಡರೂ ಮುಗಿಯುವುದಿಲ್ಲ. 'ರಾಜ್‌ಕುಮಾರ್' ಎಂದು ಒತ್ತಕ್ಷರವಾಗದಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಅದು ಅಕ್ಷರವೂ ಅಲ್ಲ, ಚಿಹ್ನೆಯೂ ಅಲ್ಲ. ಕಾಣದ ಈ ವಸ್ತುವಿನ ಕಾರಣಕ್ಕೆ 'ಹೆಸರಿನಲ್ಲಿ ವಿಶೇಷ ಸಂಕೇತಗಳಿಗೆ ಅವಕಾಶವಿಲ್ಲ' ಎಂದು ಪರದೆ ಹೇಳಿದರೆ ಅರ್ಜಿದಾರರು ಏನನ್ನು ತಿದ್ದಬೇಕು?

ಹೋಲಿಕೆಯಲ್ಲೂ ತೊಡಕಿದೆ. ದೀರ್ಘದ 'ೇ' ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಹ್ರಸ್ವದ ಚಿಹ್ನೆಗೆ ದೀರ್ಘದ ಗುರುತು ಸೇರಿಸಿ ಎರಡಾಗಿಯೂ ಬರೆಯಬಹುದು. 'ೀ' ಕೂಡ ಹಾಗೆಯೇ. ಪರದೆಯ ಮೇಲೆ ಎರಡೂ ಒಂದೇ. ಗಣಕಯಂತ್ರದ ಪಾಲಿಗೆ ಬೇರೆಬೇರೆ. ಆಗ ಏಳು ಸಂಕೇತಗಳ ಹಳೇಬೀಡು ಮತ್ತು ಒಂಬತ್ತು ಸಂಕೇತಗಳ ಹಳೇಬೀಡು ಎರಡು ಊರುಗಳಾಗುತ್ತವೆ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಲು 'ನಾರ್ಮಲೈಸ್' ಎಂಬ ಸಿದ್ಧ ವಿಧಾನ ಜಾವಾಸ್ಕ್ರಿಪ್ಟ್‌ನಲ್ಲೇ ಇದೆ. ಒಂದೇ ಸಾಲಿನ ಕೆಲಸ. ಆದರೂ ಅನೇಕರು ಮಾಡುವುದಿಲ್ಲ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಹೆಸರನ್ನು ನಕಲು ಮಾಡಿ ಅಂಟಿಸಿದರೆ ಇನ್ನೊಂದು ಅವಾಂತರ: ಯೂನಿಕೋಡ್ ಪೆಟ್ಟಿಗೆಯಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ.

ಅಂಕಿಗಳ ವಿಷಯದಲ್ಲಿ ಕನ್ನಡಿಗರು ಬಹುಮಟ್ಟಿಗೆ ಇಂಗ್ಲಿಷ್ ಅಂಕಿಗಳಿಗೇ ಒಗ್ಗಿದ್ದಾರೆ. ಯಾರಾದರೂ ಅರಸೀಕೆರೆಯ ಪಿನ್‌ಕೋಡನ್ನು ೫೭೩೧೦೩ ಎಂದು ಬರೆದರೆ ಏನಾಗುತ್ತದೆ? 'ಇಲ್ಲಿ ಅಂಕಿ ಇರಬೇಕು' ಎಂಬ ಒಂದೇ ನಿಯಮ ಜಾವಾಸ್ಕ್ರಿಪ್ಟ್‌ನಲ್ಲಿ ಇಂಗ್ಲಿಷ್ ಅಂಕಿಗಳನ್ನು ಮಾತ್ರ ಒಪ್ಪುತ್ತದೆ. ಪೈಥಾನ್‌ನಲ್ಲೂ ಡಾಟ್ ನೆಟ್‌ನಲ್ಲೂ ಕನ್ನಡದ ಅಂಕಿಗಳನ್ನೂ ಒಪ್ಪುತ್ತದೆ. ಎದುರುಬಾಗಿಲಿನಲ್ಲಿ ಒಂದು ಕಾನೂನು, ಹಿತ್ತಲಬಾಗಿಲಿನಲ್ಲಿ ಇನ್ನೊಂದು. ಬಂದದ್ದನ್ನು ಮೊದಲು ಒಂದೇ ಬಗೆಯ ಅಂಕಿಗೆ ಪರಿವರ್ತಿಸಿ ಆಮೇಲೆ ಪರೀಕ್ಷಿಸುವುದು ಸರಿಯಾದ ದಾರಿ.

ಆಕಾರ ಸರಿ, ಅರ್ಥ?

ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದು ಡಚ್ ಗಣಿತಜ್ಞ ಯಾಕೋಬಸ್ ವೆರ್ಹೂಫ್ 1969ರಲ್ಲಿ ರೂಪಿಸಿದ ಸೂತ್ರದಂತೆ ಲೆಕ್ಕಹಾಕಿದ ತಪಾಸಣಾ ಅಂಕಿ. ಯಾವುದೇ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಈ ಸೂತ್ರ ಹಿಡಿಯುತ್ತದೆ. ಸರ್ವರ್‌ನ ಮುಖ ನೋಡದೆ ಬ್ರೌಸರ್‌ನಲ್ಲಿಯೇ ಇದನ್ನು ಪರೀಕ್ಷಿಸಿ ತಕ್ಷಣ ಹೇಳಬಹುದು. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಸಂಕೇತದ 11 ಸ್ಥಾನಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ 'ಓ' ಅಕ್ಷರ ಬರೆದವರಿಗೆ 'ಅಮಾನ್ಯ' ಎಂದು ಹೇಳುವ ಬದಲು 'ಐದನೆಯದು ಸೊನ್ನೆಯಾಗಿರಬೇಕು' ಎಂದರೆ ಒಂದು ಓಡಾಟ ಉಳಿಯುತ್ತದೆ.

ಆದರೆ ಇವೆಲ್ಲ ಆಕಾರದ ಪರೀಕ್ಷೆಗಳು. 573103, 573115, 573121 ಕ್ರಮವಾಗಿ ಅರಸೀಕೆರೆ, ಬೇಲೂರು, ಹಳೇಬೀಡು ಅಂಚೆ ಕಚೇರಿಗಳ ಪಿನ್‌ಕೋಡ್. ಆರಂಕಿಯ ಪರೀಕ್ಷೆಯಲ್ಲಿ ಮೂರೂ ಪಾಸು. ಅರ್ಜಿದಾರರ ಊರಿಗೆ ಯಾವುದು ಸರಿ ಎಂಬುದು ಬೇರೆ ಪ್ರಶ್ನೆ. ತಾಲ್ಲೂಕಿನ ಗಡಿಗೂ ಅಂಚೆಯ ಗಡಿಗೂ ತಾಳೆಯಾಗಲೇಬೇಕೆಂದಿಲ್ಲವಾದ್ದರಿಂದ, ಇಲ್ಲಿ ತಡೆಯುವುದಕ್ಕಿಂತ 'ಮತ್ತೊಮ್ಮೆ ನೋಡಿಕೊಳ್ಳಿ' ಎಂದು ಎಚ್ಚರಿಸುವುದು ಯೋಗ್ಯ. ತಡೆ ಮತ್ತು ಎಚ್ಚರಿಕೆಯ ಈ ವ್ಯತ್ಯಾಸವನ್ನು ಮರೆತ ನಮೂನೆಗಳು ಜನರಿಂದ ಸುಳ್ಳು ಬರೆಸುತ್ತವೆ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ತಂದೆಯ ಹೆಸರಿನ ಮೊದಲಕ್ಷರವೇ ಇನಿಷಿಯಲ್ ಆಗಿ ಮುಂದೆ ನಿಲ್ಲುವ ಹೆಸರುಗಳು ಸಾಮಾನ್ಯ. 'ಕುಲನಾಮ ಕಡ್ಡಾಯ, ಕನಿಷ್ಠ ಮೂರು ಅಕ್ಷರ' ಎಂದು ಪಟ್ಟುಹಿಡಿದ ಪೆಟ್ಟಿಗೆಯಲ್ಲಿ ಅಂಥವರು ಚುಕ್ಕಿ ಇಡುತ್ತಾರೆ, ಅಥವಾ ಊರಿನ ಹೆಸರನ್ನು ತುಂಬುತ್ತಾರೆ. ಮುಂದೊಂದು ದಿನ ಆ ಹೆಸರು ಆಧಾರ್‌ನೊಂದಿಗೆ ಹೊಂದುವುದಿಲ್ಲ.

ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಬುಕ್‌ನಲ್ಲಿ ಮತ್ತೊಂದು ಇರುವ ರೈತರಿಗೆ ಇದು ಹೊಸದಲ್ಲ. 'ಗೌಡ' ಎಂಬ ಒಂದೇ ಹೆಸರನ್ನು ರೋಮನ್ ಲಿಪಿಯಲ್ಲಿ ಎರಡು ಮೂರು ಬಗೆಯಲ್ಲಿ ಬರೆಯುವುದುಂಟು. ಅಷ್ಟೇಕೆ, ಅರಸೀಕೆರೆಯನ್ನೇ ಎರಡು ಬಗೆಯಲ್ಲಿ ಬರೆಯುತ್ತಾರೆ. ಅಕ್ಷರಕ್ಕೆ ಅಕ್ಷರ ಹೊಂದಬೇಕೆಂಬ ಯಂತ್ರದ ನಿಯಮ ಇಲ್ಲಿ ನ್ಯಾಯ ಮಾಡಲಾರದು. ಇಂತಹ ಅರ್ಜಿಯನ್ನು ತಿರಸ್ಕರಿಸದೆ 'ಪರಿಶೀಲನೆಗೆ ಬಾಕಿ' ಎಂಬ ಸ್ಥಿತಿಯಲ್ಲಿಟ್ಟು, ಅಧಿಕಾರಿಯ ಕಣ್ಣಿಗೆ ಬೀಳುವಂತೆ ಮಾಡುವ ಅವಕಾಶ ನಮೂನೆಯಲ್ಲೇ ಇರಬೇಕು. ಬಹುತೇಕ ನಮೂನೆಗಳಿಗೆ ಸರಿ ಮತ್ತು ತಪ್ಪು ಎಂಬ ಎರಡೇ ಸ್ಥಿತಿ ಗೊತ್ತು.

ಅಂತಿಮ ತೀರ್ಪು ಸರ್ವರ್‌ನದೇ

ಬ್ರೌಸರ್‌ನಲ್ಲಿ ನಡೆಯುವ ತಪಾಸಣೆ ಅರ್ಜಿದಾರರ ಅನುಕೂಲಕ್ಕೆ. ಅದನ್ನು ಭದ್ರತೆಯೆಂದು ತಿಳಿಯುವಂತಿಲ್ಲ. ಸ್ವಲ್ಪ ತಾಂತ್ರಿಕ ಜ್ಞಾನವಿರುವ ಯಾರೂ ಪರದೆಯ ನಿಯಮಗಳನ್ನು ಬದಿಗೆ ಸರಿಸಿ ನೇರವಾಗಿ ಸರ್ವರ್‌ಗೆ ಮಾಹಿತಿ ಕಳುಹಿಸಬಹುದು. ಎಕರೆಗೆ ಇಷ್ಟು, ರೈತರೊಬ್ಬರಿಗೆ ಗರಿಷ್ಠ ಇಷ್ಟು ಎಂಬಂತಹ ಮಿತಿ ಕೇವಲ ಪರದೆಯ ಮೇಲಿದ್ದರೆ ಅದು ಮಿತಿಯೇ ಅಲ್ಲ. ಜಮೀನಿನ ವಿಸ್ತೀರ್ಣವನ್ನೂ ಅರ್ಜಿದಾರರು ಬರೆದದ್ದರಿಂದಲ್ಲ, ಭೂದಾಖಲೆಯಿಂದಲೇ ಪಡೆದು ಲೆಕ್ಕ ಹಾಕಬೇಕು. ಜಾಂಗೋದಂತಹ ಫ್ರೇಮ್‌ವರ್ಕ್‌ಗಳಲ್ಲಿ ಸರ್ವರ್‌ನ ತಪಾಸಣೆ ದಾಟಿದ ಮಾಹಿತಿಯನ್ನು ಪ್ರತ್ಯೇಕ ಸಂಪುಟದಲ್ಲಿ ಕೊಡುವುದು ಈ ಕಾರಣಕ್ಕೆ: ಶೋಧಿಸಿದ್ದು ಒಂದು ಕಡೆ, ಶೋಧಿಸದ್ದು ಇನ್ನೊಂದು ಕಡೆ. ಜಾವಾಸ್ಕ್ರಿಪ್ಟ್ ಎರಡೂ ತುದಿಗಳಲ್ಲಿ ಓಡುವ ಕಡೆ ಜೋಡ್‌ನಂತಹ ಉಪಕರಣದಿಂದ ನಿಯಮಗಳನ್ನು ಒಮ್ಮೆ ಬರೆದು ಎರಡೂ ಕಡೆ ಬಳಸುವ ರೂಢಿ ಬೆಳೆದಿದೆ. ಎರಡು ಕಾನೂನುಗಳ ಪಾಡು ಅದರಿಂದ ತಪ್ಪುತ್ತದೆ.

ಒಟ್ಟು ಪ್ರಮಾಣಕ್ಕೆ ಮಿತಿಯಿರುವ ನೋಂದಣಿಯಲ್ಲಿ ಇನ್ನೊಂದು ಅಪಾಯವಿದೆ. 'ಇನ್ನು 10 ಕ್ವಿಂಟಲ್ ಬಾಕಿ' ಎಂದು ಪರದೆ ತೋರಿಸುವುದು ಕೆಲವು ಕ್ಷಣಗಳ ಹಿಂದಿನ ಸ್ಥಿತಿಯನ್ನು. ಎರಡು ಕೇಂದ್ರಗಳಲ್ಲಿ ಒಂದೇ ಕ್ಷಣಕ್ಕೆ ತಲಾ 10 ಕ್ವಿಂಟಲ್‌ನ ಅರ್ಜಿ ಸಲ್ಲಿಕೆಯಾದರೆ ಎರಡೂ 'ಜಾಗವಿದೆ' ಎಂಬ ಉತ್ತರ ಪಡೆದು ಮುಂದೆ ಸಾಗಬಹುದು. ಉಳಿಕೆಯನ್ನು ನೋಡುವುದು ಮತ್ತು ಕಳೆಯುವುದು ಎರಡೂ ದತ್ತಸಂಚಯದಲ್ಲಿ ಒಂದೇ ಅವಿಭಾಜ್ಯ ವ್ಯವಹಾರವಾಗಿ ನಡೆದರೆ ಮಾತ್ರ ಒಬ್ಬರಿಗೆ ಸ್ವೀಕೃತಿ, ಇನ್ನೊಬ್ಬರಿಗೆ ಸ್ಪಷ್ಟ ನಿರಾಕರಣೆ ಸಿಗುತ್ತದೆ.

ಸಂಪರ್ಕ ಕಡಿಮೆಯಿರುವ ಊರುಗಳಲ್ಲಿ ನಿತ್ಯ ಕಾಣುವ ಕೊನೆಯ ಸಂಗತಿಯೊಂದಿದೆ. 'ಸಲ್ಲಿಸಿ' ಗುಂಡಿ ಒತ್ತಿಯಾಯಿತು, ಚಕ್ರ ಸುತ್ತುತ್ತಿದೆ, ಉತ್ತರವಿಲ್ಲ. ಅರ್ಜಿ ತಲುಪಲೇ ಇಲ್ಲವೋ, ತಲುಪಿ ದಾಖಲಾಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೋ ತಿಳಿಯದು. ಮತ್ತೆ ಒತ್ತಿದರೆ ಎರಡು ಅರ್ಜಿಯಾಗುವ ಭಯ, ಒತ್ತದಿದ್ದರೆ ಸರದಿ ತಪ್ಪುವ ಭಯ. ಒಮ್ಮೆ ಒತ್ತಿದ ಗುಂಡಿಯನ್ನು ಮಂಕಾಗಿಸುವುದು ಅರ್ಧ ಪರಿಹಾರ. ಪುಟ ಮರುತೆರೆದರೆ ಗುಂಡಿ ಮತ್ತೆ ಜೀವಂತ. ಪೂರ್ಣ ಪರಿಹಾರ ನಮೂನೆ ತೆರೆದಾಗಲೇ ಆರಂಭವಾಗುತ್ತದೆ. ಪ್ರತಿ ಅರ್ಜಿಗೂ ಸರ್ವರ್ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದನ್ನು ಸರ್ವರ್‌ನಲ್ಲಿರುವ ಕರಡಿನ ಜತೆಗೇ ಉಳಿಸಬೇಕು. ಪ್ರತಿ ಸಲ್ಲಿಕೆಯ ಜತೆಗೂ ಆ ಸಂಖ್ಯೆ ಹೋಗುತ್ತದೆ. ಅದೇ ಸಂಖ್ಯೆ ಎರಡನೆಯ ಬಾರಿ ಬಂದಾಗ ಸರ್ವರ್ ಹೊಸ ಅರ್ಜಿಯನ್ನು ಸೃಷ್ಟಿಸುವುದಿಲ್ಲ, ತಪ್ಪು ಎಂದೂ ಹೇಳುವುದಿಲ್ಲ; ಮೊದಲ ಬಾರಿಗೆ ಕೊಡಬೇಕಾಗಿದ್ದ ಸ್ವೀಕೃತಿ ಪತ್ರವನ್ನೇ ಮತ್ತೊಮ್ಮೆ ಕಳುಹಿಸುತ್ತದೆ.